ಬಲ್ಬಿನಡಿ ಕುಳಿತ ಡ್ರಿಲ್ ಮಾಸ್ಟರು

ಕುಂದಾಪುರದ ಹತ್ತಿರದ ಊರೊಂದರಲ್ಲಿ ತೇಜಪ್ಪ ಶೆಟ್ಟರೆಂಬ ಡ್ರಿಲ್ ಮಾಸ್ಟರಿದ್ದರು. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿದಿರಲಿಲ್ಲ. ಮನೆಯಲ್ಲಿ ಸೀಟಿ ಕೇಳುವವರಿಲ್ಲವೆಂದು ಇಪ್ಪತ್ತು ಕೋಳಿಮರಿ ತಂದರು. ಮರಿಗಳೆಂದರೆ ಅವರಿಗೆ ಪ್ರಾಣ. ಒಂದೂ ಸಾಯಬಾರದೆಂದು ಪಣ ತೊಟ್ಟರು.

ಮರಿ ಕೊಟ್ಟವರು ಒಂದು ಚೀಟಿಯನ್ನೂ ಕೊಟ್ಟಿದ್ದರು: "ಎಳೆ ಮರಿಗಳನ್ನು ಬೆಚ್ಚಗಿಡಿ." ಬರೆದದ್ದೆಂದರೆ ಮಾಸ್ಟರಿಗೆ ವೇದವಾಕ್ಯ. ಕೊಟ್ಟಿಗೆಯ ಮೂಲೆಗೆ ಸುತ್ತಲೂ ಗೋಣಿ ಕಟ್ಟಿ, ನಡುವೆ ದೊಡ್ಡ ಬಲ್ಬು ಇಳಿಬಿಟ್ಟರು.

ಮಳೆಗೆ ಮುಂಚಿನ ದಿನಗಳು. ಒಂದೆಲೆ ಅಲ್ಲಾಡದ ಸೆಕೆ. ಮರಿಗಳು ಬಲ್ಬು ಬಿಟ್ಟು ಗೋಣಿಯ ಅಂಚಿಗೆ ಓಡಿದವು. ಮಾಸ್ಟರಿಗೆ ಅದು ಶುದ್ಧ ಅಶಿಸ್ತಾಗಿ ಕಂಡಿತು. ಪೀ ಎಂದು ಸೀಟಿ ಊದಿ, ಒಂದೊಂದನ್ನೇ ಎತ್ತಿ ಬಲ್ಬಿನಡಿ ಸಾಲಾಗಿ ನಿಲ್ಲಿಸಿದರು. ಅವು ಮತ್ತೆ ಓಡಿದವು. ಇವರು ಮತ್ತೆ ನಿಲ್ಲಿಸಿದರು. ಮಧ್ಯಾಹ್ನದ ಹೊತ್ತಿಗೆ ಒಂದು ಮರಿ ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ಮಲಗಿಬಿಟ್ಟಿತು. ಮಾಸ್ಟರು ಮನೆಯೊಳಗೆ ಓಡಿದರು. ಇನ್ನೂ ಚಳಿಯೇನೋ ಎಂದು ಮತ್ತೊಂದು ಗೋಣಿ ತಂದರು!

ಆಗ ಮೀನು ಮಾರುವ ಗುಲಾಬಿ ಬುಟ್ಟಿ ಇಳಿಸಿ ಇಣುಕಿದಳು. ಅವಳೂ ಒಂದು ಕಾಲಕ್ಕೆ ಇವರ ಶಿಷ್ಯೆಯೇ.

"ಎಂತ ಮಾಸ್ಟ್ರೇ ಇದ್? ಒಂದ್ ಗಳ್ಗಿ ನೀವೇ ಒಳ್ಗ್ ಕೂಕಣಿ ಕಾಂಬ!"

ಮಾಸ್ಟರು ಸವಾಲಿಗೆ ಹಿಂಜರಿಯುವವರಲ್ಲ. ಒಳಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತರು. ಎರಡೇ ನಿಮಿಷ. ಬೆವರು ಧಾರಾಕಾರ ಇಳಿಯಿತು. ಅಂಗಿಯ ಗುಂಡಿ ಬಿಚ್ಚಿದರು. ಬಾಯಿ ತಾನಾಗಿ ತೆರೆಯಿತು. ತಮಗೇ ತಿಳಿಯದಂತೆ ಗೋಣಿಯ ಅಂಚಿಗೆ ಸರಿದರು. ನೋಡಿದರೆ ಅಕ್ಕಪಕ್ಕದಲ್ಲಿ ಹತ್ತೊಂಬತ್ತು ಮರಿ, ಎಲ್ಲವೂ ಬಾಯಿ ತೆರೆದೇ ಇವೆ.

ಗುಲಾಬಿ ನಕ್ಕಳು. "ಆರ್ನೇ ಕ್ಲಾಸಂಗೆ ನನ್ನನ್ನೂ ಹೀಂಗೇ ಬಿಸ್ಲಂಗೆ ನಿಲ್ಸಿದ್ರಿ. ತಲೆ ತಿರ್ಗಿ ಬಿದ್ಮೇಲೆ ನೆಳ್ಳಿಗ್ ಕಳ್ಸಿದ್ರಿ!"

ಮಾಸ್ಟರ ಮುಖ ಸಣ್ಣಗಾಯಿತು. "ತಪ್ಪಾಯ್ತ್ ಮಾರಾಯ್ತಿ" ಎಂದವರೇ ಬಲ್ಬು ಆರಿಸಿದರು. ಗೋಣಿ ಕಿತ್ತೆಸೆದರು. ಗುಲಾಬಿ ಬಾವಿಯಿಂದ ತಣ್ಣೀರು ಸೇದಿ ತಟ್ಟೆಗೆ ಹೊಯ್ದಳು. ಮಲಗಿದ್ದ ಮರಿಯನ್ನು ಮಾಸ್ಟರು ಗಾಳಿ ಆಡುವಲ್ಲಿ ಇಟ್ಟು, ಬೆರಳದ್ದಿ ಅದರ ಕೊಕ್ಕಿಗೆ ನೀರು ತಾಗಿಸುತ್ತ ಕುಳಿತರು. ಎಷ್ಟೋ ಹೊತ್ತಿನ ಮೇಲೆ ಅದು ಮೆಲ್ಲಗೆ ಎದ್ದು, ತೂರಾಡುತ್ತ ತಟ್ಟೆಯ ಕಡೆ ನಡೆಯಿತು. ಇಪ್ಪತ್ತಕ್ಕೆ ಇಪ್ಪತ್ತೂ ಉಳಿದವು!

ಮಾಸ್ಟರು ಕುಣಿಯುವುದೊಂದು ಬಾಕಿ. ಸೀಟಿ ಊದಿ ಗಟ್ಟಿಯಾಗಿ ಕೂಗಿದರು: "ವಿಶ್ರಾಮ್!"

ಮರಿಗಳೆಲ್ಲ ನೆರಳಲ್ಲಿ ಕಾಲು ಚಾಚಿ ಮಲಗಿದವು. ಅವು ಮಾಸ್ಟರ ಮಾತು ಕೇಳಿದ್ದು ಅದೇ ಮೊದಲು.

ನೀತಿ: ಬೆಚ್ಚಗಿಡುವುದೂ ಪ್ರೀತಿಯೇ. ಆದರೆ ಚಳಿಯೋ ಸೆಕೆಯೋ ಎಂದು ಚೀಟಿಯನ್ನಲ್ಲ, ಮರಿಯನ್ನು ನೋಡಿ ತಿಳಿಯಬೇಕು. ಯಾರಾದರೂ ಓಡಿಹೋದರೆ ಬೈಯುವ ಮೊದಲು, ಅವರು ನಿಂತಿದ್ದ ಜಾಗದಲ್ಲಿ ಎರಡು ನಿಮಿಷ ಕುಳಿತು ನೋಡಿ.