ಏರಿಯ ಮೇಲೆ ಅಳೆದ ರಾಗಿ

ಯಾವ ಕಾಲವೋ ಏನೋ, ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು. ಒಂದಾನೊಂದು ಊರಲ್ಲಿ ಒಬ್ಬ ದೊರೆ, ಅವನ ಹೆಂಡತಿ ಚೆಲುವಾಜಮ್ಮ ಅನ್ನೋ ದೊರೆಸಾನಿ ಇದ್ದರಂತೆ. ಊರಿಗೆಲ್ಲ ಇದ್ದದ್ದು ಒಂದೇ ಕೆರೆ. ಒಂದು ಮಳೆಗಾಲ ಅದರ ಏರಿ ಒಡೆದು ನೀರೆಲ್ಲ ಹರಿದುಹೋಯಿತಂತೆ.

ಏರಿ ಕಟ್ಟಬೇಕು, ಮಣ್ಣು ಹೊರುವವರಿಗೆ ರಾಗಿಯಲ್ಲಿ ಕೂಲಿ ಕೊಡಬೇಕು. ಅರಮನೆಯ ಕಣಜದಲ್ಲಿದ್ದದ್ದು ಅರ್ಧ ಏರಿಗೂ ಸಾಲದು. ದೊರೆ ಕಂದಾಯ ಹಾಕಿದ. ಆಳುಗಳು ಯಾವ ಮನೆಗೆ ಹೋದರೂ ಒಂದೇ ಮಾತು: "ಎಲ್ಲೈತೆ ಸ್ವಾಮಿ ರಾಗಿ? ಮನೇಲಿ ಇಲಿಗೂ ಗತಿಯಿಲ್ಲ." ರಾಗಿಯೆಲ್ಲ ನೆಲದೊಳಗಿನ ಹಗೇವಿನಲ್ಲಿ ಬೆಚ್ಚಗಿತ್ತು. ಹಗೇವಿನ ಬಾಯಿಗೆ ಮಣ್ಣು ಮುಚ್ಚಿ, ಜಾಣರು ಅದರ ಮೇಲೇ ಎಮ್ಮೆ ಕಟ್ಟಿದ್ದರಂತೆ!

ದೊರೆ ನೆರವು ಬೇಕು ಅಂತ ಪಕ್ಕದ ಸೀಮೆಯ ದೊರೆಗೆ ಹೇಳಿಕಳಿಸಿದ. ಅವನು, "ಅದಕ್ಕೇನಂತೆ, ನಾನೇ ಕಟ್ಟಿಸಿಕೊಡ್ತೀನಿ. ಆದರೆ ತೂಬು ಎತ್ತೋನು ನನ್ನ ಆಳು. ನನ್ನ ಗದ್ದೆ ನೆಂದ ಮೇಲೆ ನಿಮ್ಮದು" ಅಂದ. ದೊರೆ ಹೂಂ ಅನ್ನುವುದರಲ್ಲಿದ್ದ. ದೊರೆಸಾನಿಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕೆರೆ ನೀರಿಗೆ ಅವನ ಬಾಗಿಲು ಕಾಯೋದೇ?

"ಸ್ವಲ್ಪ ತಡೀರಿ" ಅಂದವಳೇ ನಿಂಗವ್ವ ಅನ್ನೋ ಮುದುಕಿಯ ಕಣಕ್ಕೆ ಹೋದಳಂತೆ.

"ಯಾಕವ್ವ, ಯಾರೂ ಕಂದಾಯ ಕೊಡಲ್ಲ?"

ಮುದುಕಿ ಮೊರ ಕೆಳಗಿಟ್ಟಳು. "ಸಿಟ್ಟು ಮಾಡ್ಕೋಬ್ಯಾಡಿ ತಾಯಿ. ಕೆರೆ ಕೆಳಗಿನ ಒಳ್ಳೆ ಗದ್ದೆಯೆಲ್ಲ ಅರಮನೇದು. ಅದಕ್ಕೆ ಕಂದಾಯ ಉಂಟಾ? ಹೋದ ಸಲ ನಾವು ಕೊಟ್ಟ ರಾಗಿ ಅರಮನೆ ಬಾಗಿಲು ದಾಟ್ತು. ಆಮ್ಯಾಕೆ ಏನಾಯ್ತೋ ಯಾರೂ ಹೇಳ್ಲಿಲ್ಲ."

ದೊರೆಸಾನಿಯ ಮುಖ ಸಣ್ಣದಾಯಿತು. ಇಷ್ಟು ವರ್ಷ ಅವಳಿಗೆ ಇದು ಹೊಳೆದೇ ಇರಲಿಲ್ಲ.

ಮಾರನೇ ಬೆಳಿಗ್ಗೆ ಅರಮನೆಯ ರಾಗಿ ಗಾಡಿಯಲ್ಲಿ ಒಡೆದ ಏರಿಗೇ ಬಂತು. ಊರೆಲ್ಲ ನೆರೆಯಿತು. ದೊರೆಸಾನಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾನೇ ಕೊಳಗ ಹಿಡಿದು ಅಳೆಯತೊಡಗಿದಳು. ಮೊದಲನೇ ಕೊಳಗಕ್ಕೆ ಒಂದು ಅನ್ನದೆ, ಕಣದಲ್ಲಿ ರೈತರು ಅನ್ನುವ ಹಾಗೆ "ಲಾಭ!" ಅಂದಳಂತೆ. ಆಮೇಲೆ ಎರಡು, ಮೂರು. "ಇದು ಅರಮನೆ ಗದ್ದೆಯ ಕಂದಾಯ. ಇನ್ನು ಎಲ್ಲರದೂ ಇಲ್ಲೇ ಅಳೀತೀವಿ, ಇಲ್ಲೇ ಕೂಲಿ ಕೊಡ್ತೀವಿ. ಒಂದು ಕಾಳೂ ಅರಮನೆಗೆ ಬರಲ್ಲ" ಅಂದಳು.

ಯಾರೂ ಮಿಸುಕಲಿಲ್ಲ. ದೊರೆಸಾನಿ ಮತ್ತೊಂದು ಕೊಳಗ ತುಂಬಿದಳು. ಆಗ ನಿಂಗವ್ವ ಸೊಸೆ ಕಡೆ ತಿರುಗಿ, "ಲೇ, ಎಮ್ಮೆ ಬಿಚ್ಚೇ!" ಅಂತ ಕೂಗಿದಳಂತೆ. ಜನ ಗೊಳ್ಳೆಂದು ನಕ್ಕರು. ಸಂಜೆಯೊಳಗೆ ಊರಿನ ಎಮ್ಮೆಗಳೆಲ್ಲ ಬಯಲಿಗೆ ಬಂದವು, ರಾಗಿಯೆಲ್ಲ ಏರಿಗೆ ಬಂತು.

ಏರಿ ಎದ್ದಿತು, ಕೆರೆ ತುಂಬಿತು. ಪಕ್ಕದ ಸೀಮೆಯ ಆಳು ಉತ್ತರ ಕೇಳೋಕೆ ಬಂದು, ಊಟ ಮಾಡಿ, ಬಂದ ದಾರಿಗೆ ಹೋದ. ತೂಬು ಎತ್ತಿದ ದಿನ ಅರಮನೆ ಗದ್ದೆಯೂ ಎಲ್ಲರ ಹಾಗೆ ತನ್ನ ಸರದಿ ಕಾಯಿತು. ದೊರೆಸಾನಿ ಬದುವಿನ ಮೇಲೆ ಜನರ ನಡುವೆ ಕೂತು, ನೀರು ಬರೋದನ್ನ ನೋಡುತ್ತಾ ಹಿಗ್ಗಿದಳಂತೆ.

ಅವರು ಅಲ್ಲಿ ಹೊಟ್ಟೆ ತುಂಬ ಉಂಡರು. ಕತೆ ಹೇಳಿ ನನಗೆ ಬಾಯಾರಿತು, ಒಂದು ಲೋಟ ಮಜ್ಜಿಗೆ ಕೊಡ್ರಪ್ಪ.