ಬೀಗದ ವ್ಯಾಪಾರಿಯ ಟೀವಿ

“ಗುರುಗಳೇ, ಮಗುವಿನ ಕಣ್ಣಿಗೆ ಬೀಳಬಾರದ್ದು ಬೀಳದಂತೆ ಟೀವಿಗೆ ಎಂಥ ಬೀಗ ಹಾಕಬೇಕು?”

ಶಿಷ್ಯ ಬಿಸಿಲಲ್ಲಿ ಓಡೋಡಿ ಬಂದಿದ್ದ. ಅಡ್ಡಬೀಳುವುದನ್ನೂ ಮರೆತಿದ್ದ. ಬೆಳಿಗ್ಗೆ ಅವನ ಪುಟ್ಟ ಮಗಳು ಟೀವಿಯಲ್ಲಿ ಯಾವುದೋ ಕೊಲೆಯ ಸಿನಿಮಾ ಕಂಡು ಕಿಟಾರನೆ ಕಿರುಚಿದ್ದಳು. ಟೀವಿಯಲ್ಲಿ ಸಿನಿಮಾ ನೋಡಲು ಮನೆಗೆಲ್ಲ ಸೇರಿ ಇದ್ದದ್ದು ಒಂದೇ ಖಾತೆ. ಅವನೇ ನೋಡಿ ಅರ್ಧಕ್ಕೆ ಬಿಟ್ಟ ಸಿನಿಮಾ ಅವಳ ಕೈಗೆ ಸಿಕ್ಕಿತ್ತು. ಆ ಕಿರುಚು ಇನ್ನೂ ಅವನ ಕಿವಿಯಲ್ಲಿತ್ತು.

“ಬೀಗ ಹಾಕೋದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತಿನ ಕೆಲಸ. ಹಾಕು, ಹಾಕಲೇಬೇಕು. ನಾನು ಕಾಣದ ಬೀಗ ಮೂರು ಲೋಕದಲ್ಲೂ ಇಲ್ಲ,” ಎಂದರು ಗುರುಗಳು. “ಅದಕ್ಕೆ ಮುಂಚೆ ಇದನ್ನು ಕೇಳು.”

ಒಬ್ಬ ಬೀಗದ ವ್ಯಾಪಾರಿ ಇದ್ದ. ಎಂಥ ಬೀಗ ಅಂತೀಯ! ಅವನ ಬೀಗ ಬಿದ್ದ ಬಾಗಿಲಿನ ಸಂದಿಯಲ್ಲಿ ಗಾಳಿಯೂ ಅಪ್ಪಣೆ ಕೇಳಿ ಒಳಗೆ ಬರುತ್ತಿತ್ತು. ಸುತ್ತಲಿನ ಕಳ್ಳರೆಲ್ಲ ಹೊಟ್ಟೆಗಿಲ್ಲದೆ ಕೊನೆಗೆ ಅವನ ಅಂಗಡಿಯಲ್ಲೇ ಕೂಲಿಗೆ ನಿಂತರು.

ಅವನ ಮನೆಯಲ್ಲಿ ಒಂದು ಟೀವಿ, ಅದಕ್ಕೊಂದು ಖಾತೆ. ಖಾತೆ ತೆರೆದರೆ ಒಬ್ಬೊಬ್ಬರಿಗೆ ಒಂದೊಂದು ಗುರುತಿನ ಚಿತ್ರ, ಅದನ್ನು ಒತ್ತಿದರೆ ಅವರವರ ಪಾಲಿನದು ತೆರೆಯುತ್ತಿತ್ತು. ಅವನಿಗೆ ಹುಲಿ, ಹೆಂಡತಿಗೆ ನವಿಲು, ಮಗನಿಗೆ ಕರಡಿ. ಮುದಿ ತಾಯಿಗೆ ಅಕ್ಷರ ಬಾರದು. ಆಕೆ ಮೊಮ್ಮಗನ ಕರಡಿಯನ್ನೇ ಗುರುತಿಟ್ಟು ಒತ್ತಿ, ಸಂಜೆ ಸಂಜೆ ರಕ್ಕಸರ ಧಾರಾವಾಹಿ ನೋಡುತ್ತಿದ್ದಳು.

ಒಂದು ದಿನ ಹುಡುಗ ಟೀವಿಯಲ್ಲಿ ಏನೋ ಕಂಡು ಬೆಚ್ಚಿಬಿದ್ದು ಅತ್ತ. ವ್ಯಾಪಾರಿ ಸಿಡಿದೆದ್ದ. ಊರಿಗೆಲ್ಲ ಬೀಗ ಕೊಟ್ಟವನ ಮನೆಯೇ ಹಾರುಹೊಡೆದಿದೆಯೇ! ಟೀವಿಯ ಮುಂದೆ ಕೂತು ಆ ಕರಡಿಗೆ ಬೀಗದ ಮೇಲೆ ಬೀಗ ಜಡಿದ. ರಕ್ತ ಬೇಡ. ಕತ್ತಿ ಬೇಡ. ದೆವ್ವ ಬೇಡ. ಬೀಗ ತೆಗೆಯುವ ಗುಟ್ಟಿನ ಅಂಕಿಯನ್ನು ಹೆಂಡತಿಗೂ ಹೇಳಲಿಲ್ಲ. ಕೊನೆಗೆ ಕರಡಿಯ ಪಾಲಿಗೆ ಉಳಿದದ್ದು ಒಂದು ಮೊಲ, ಅದರ ಮುಂದೊಂದು ಮೂಲಂಗಿ. ತಾಯಿಯ ರಕ್ಕಸನೂ ಬೀಗದೊಳಗೇ ಸಿಕ್ಕಿಬಿದ್ದ. ಆಕೆ ತುಟಿ ಎರಡು ಮಾಡಲಿಲ್ಲ.

ವ್ಯಾಪಾರಿ ಮೀಸೆ ತಿರುವಿಕೊಂಡು ತಿರುಗಿದ. ನನ್ನ ಹೊಸ್ತಿಲು ದಾಟುವ ಧೈರ್ಯ ಹೆದರಿಕೆಗೇ ಇಲ್ಲ ಎಂದು ಊರೆಲ್ಲ ಸಾರಿದ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ. ಟೀವಿ ಆರಿತ್ತು. ನಡುಮನೆಯಲ್ಲಿ ತಾಯಿಯ ದನಿ.

“ರಕ್ಕಸ ಎತ್ತುಗಳನ್ನ ಕೊಂಬು ಸಮೇತ ನುಂಗಿದ ಕಣೋ. ದೇವಿ ಬಂದವಳೇ ಅವನ ಹೊಟ್ಟೆ ಬಗೆದಳು. ರಕ್ತ ಅಂದರೆ ರಕ್ತ, ಕೆರೆ ಕೋಡಿ ಬಿದ್ದ ಹಾಗೆ!”

“ಎತ್ತು ಈಚೆಗೆ ಬಂದವಾ ಅಜ್ಜಿ?”

“ಬರದೆ ಏನು? ಕೊರಳಿನ ಗಂಟೆ ಅಲ್ಲಾಡಿಸ್ಕೊಂಡು ಬಂದವು.”

ವ್ಯಾಪಾರಿಯ ಕೈಯಲ್ಲಿದ್ದ ಬೀಗದಕೈ ಗೊಂಚಲು ಜಾರಿ ನೆಲಕ್ಕೆ ಬಿತ್ತು.

“ಅವ್ವಾ! ನಾನು ಅಷ್ಟೆಲ್ಲ ಬೀಗ ಜಡಿದಿದ್ದೇನೆ, ನೀನು ಮಗುವಿನ ಕಿವಿಗೆ ರಕ್ತ ಹೊಯ್ತಾ ಇದ್ದೀಯಲ್ಲ!”

“ಟೀವಿಗೆ ಜಡಿದೆ ಕಣಪ್ಪ. ನನ್ನ ಬಾಯಿಗಾಗುವ ಬೀಗ ನಿನ್ನ ಅಂಗಡಿಗೆ ಇನ್ನೂ ಬಂದಿಲ್ಲ.”

ಅವನು ಮಗನ ಕಡೆ ತಿರುಗಿದ. ಹುಡುಗ ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿ ಒಂದು ಕಣ್ಣು ಮಾತ್ರ ಹೊರಗಿಟ್ಟಿದ್ದ.

“ನಿನಗೆ ಹೆದರಿಕೆ ಆಗಲಿಲ್ಲವೇನೋ?”

“ಆಯ್ತು. ಅಜ್ಜಿ ಹಿಡ್ಕೊಂಡಿದ್ದಾಳಲ್ಲ,” ಎಂದ ಹುಡುಗ. “ಅವತ್ತು ಟೀವಿ ನೋಡಿ ಅತ್ತಾಗ ನೀನು ನನ್ನ ಬಿಟ್ಟು ಟೀವೀನ ಹಿಡ್ಕೊಂಡೆ.”

ಗೊಂಚಲು ನೆಲದ ಮೇಲೇ ಬಿದ್ದಿತ್ತು. ವ್ಯಾಪಾರಿ ಅದನ್ನು ಎತ್ತಿಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆದೂಗಿದ. ಜೇಬಿನಿಂದ ಮೊಬೈಲ್ ತೆಗೆದ.

“ತಿಳಿಯಿತು ಗುರುಗಳೇ. ಆದರೂ ಒಂದು ಮಾತು. ಯಾವ ಅಂಕಿ ಇಟ್ಟರೆ ಬೀಗ ಗಟ್ಟಿ?”

“ಅಂಕಿ ಇರಲಿ, ಬೆಳಿಗ್ಗೆ ಕಿರುಚಿದ ಮಗಳನ್ನು ಯಾರ ಮಡಿಲಲ್ಲಿ ಬಿಟ್ಟು ಬಂದೆ?” ಎಂದರು ಗುರುಗಳು.

ಶಿಷ್ಯ ಮೊಬೈಲನ್ನು ಜೇಬಿಗೆ ತುರುಕಿ, ಬಂದ ಬಿಸಿಲಲ್ಲೇ ಮನೆಯ ಕಡೆ ಓಡಿದ.