ಏಳು ಖಾನಾವಳಿಗಳ ನಡುವಿನ ವಸತಿಗೃಹ

"ಗುರುಗಳೇ, ಮೂರರಲ್ಲಿ ಯಾವ ವಸತಿಗೃಹವನ್ನು ಗೊತ್ತುಮಾಡಲಿ?" ಎಂದು ಅಡವೀಶ ಕೇಳಿದ.

ಗುರುಗಳ ಎಡಗಣ್ಣಿನ ಪೊರೆ ತೆಗೆಸಬೇಕಿತ್ತು. ಅದಕ್ಕಾಗಿ ಗುರುಶಿಷ್ಯರಿಬ್ಬರೂ ನಗರದಲ್ಲಿ ಐದು ದಿನ ಉಳಿಯಬೇಕು. ಅಡವೀಶ ಆಶ್ರಮಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಗುರುಗಳ ಊಟ, ಬಟ್ಟೆ, ಪ್ರಯಾಣ ಎಲ್ಲವೂ ಅವನ ಹೊಣೆ.

"ಮೊದಲನೆಯದರ ಎದುರಿಗೇ ಒಳ್ಳೆಯ ಹೋಟೆಲು ಇದೆ. ಎರಡನೆಯದರ ಹಿಂದೆ ಖಾನಾವಳಿ ಇದೆ. ಮೂರನೆಯದರ ಬೀದಿಯಲ್ಲಿ ಎಲ್ಲವೂ ಸಿಗುತ್ತದೆ, ಆದರೆ ಗದ್ದಲ. ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಆಯ್ಕೆ ತಪ್ಪಬಾರದು."

ಗುರುಗಳು ನಕ್ಕರು. "ಕೂತುಕೋ. ನಿನ್ನಷ್ಟೇ ಜೋಪಾನವಾಗಿ ವಸತಿಗೃಹ ಆರಿಸಿದ ಒಬ್ಬನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಒಬ್ಬ ಬಳೆ ವ್ಯಾಪಾರಿ ಇದ್ದ. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿತ್ತು. ಅಷ್ಟು ವರ್ಷವೂ ಅವನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. ಒಂದು ಸಲ ಅವಳಿಗೆ ಜ್ವರ ಬಂತು. ಮೂರು ವಾರ ಏಳಲಿಲ್ಲ. ಆ ಮೂರು ವಾರ ವ್ಯಾಪಾರಿಯೇ ಅಡುಗೆ ಮಾಡಿದ. ನಾಲ್ಕನೆಯ ದಿನ ಅವನು ಮಾಡಿದ ಉಪ್ಪಿಟ್ಟನ್ನು ಬೀದಿಯ ನಾಯಿ ಮೂಸಿ ನೋಡಿ, ಅವನ ಮುಖವನ್ನೂ ಒಮ್ಮೆ ನೋಡಿ, ಹೊರಟುಹೋಯಿತು.

ಜ್ವರ ಬಿಟ್ಟಿತು. ಆದರೆ ಅವಳಿಗೆ ಊಟ ಸೇರದಾಯಿತು. ಎರಡು ತುತ್ತು ತಿಂದು ಕೈ ತೊಳೆಯುತ್ತಿದ್ದಳು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ವೈದ್ಯರು ವ್ಯಾಪಾರಿಯನ್ನು ಪಕ್ಕಕ್ಕೆ ಕರೆದು ಹೇಳಿದರು: "ನನ್ನ ಔಷಧದ ಕೆಲಸ ಮುಗಿಯಿತು. ಇನ್ನು ಇವರು ತಿನ್ನಬೇಕು. ತಿನ್ನದಿದ್ದರೆ ಈ ಚಳಿಗಾಲ ಕಷ್ಟ."

ವ್ಯಾಪಾರಿಯ ನಿದ್ದೆ ಹಾರಿಹೋಯಿತು. ಕೊನೆಗೆ ಒಂದು ನಿರ್ಧಾರಕ್ಕೆ ಬಂದ. ಅವಳನ್ನು ನಗರಕ್ಕೆ ಕರೆದುಕೊಂಡು ಹೋಗಬೇಕು. ಎಂಟು ದಿನ ಅವಳು ಸೌಟು ಮುಟ್ಟಬಾರದು. ನಗರದಲ್ಲಿ ಇರುವುದರಲ್ಲೆಲ್ಲ ಒಳ್ಳೆಯದನ್ನೇ ತಿನ್ನಬೇಕು.

ಅವನು ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸಿದ. ಲಾರಿಯವರನ್ನು ಕೇಳಿದ, ಮದುವೆಮನೆಯ ಅಡುಗೆಯವರನ್ನು ಕೇಳಿದ. ಒಂದು ವಸತಿಗೃಹದಲ್ಲಿ ಹಾಸಿಗೆ ಮೆತ್ತಗಿತ್ತು. ಸುತ್ತ ಬರೀ ಟಯರ್ ಅಂಗಡಿ. ಅದನ್ನು ಬಿಟ್ಟ. ಇನ್ನೊಂದರ ಪಕ್ಕದಲ್ಲಿ ಹೆಸರಾಂತ ಮಿಠಾಯಿ ಅಂಗಡಿ ಇತ್ತು. ಮೂರು ಹೊತ್ತೂ ಪೇಡೆ ತಿನ್ನಲಾಗುವುದಿಲ್ಲವೆಂದು ಅದನ್ನೂ ಬಿಟ್ಟ. ಕಡೆಗೆ ಒಂದು ಹಳೆಯ ಎರಡಂತಸ್ತಿನ ವಸತಿಗೃಹ ಸಿಕ್ಕಿತು. ಮಂಚ ಕಿರುಗುಟ್ಟುತ್ತಿತ್ತು, ನಲ್ಲಿ ಸೋರುತ್ತಿತ್ತು. ಆದರೆ ನೂರು ಹೆಜ್ಜೆಯೊಳಗೆ ಏಳು ಖಾನಾವಳಿಗಳಿದ್ದವು. ಏಳೂ ಒಳ್ಳೆಯವು.

"ಅವನ ಆಯ್ಕೆ ಸರಿಯಾಗಿಯೇ ಇತ್ತು, ಅಡವೀಶ. ಅದರಲ್ಲಿ ಲೋಪ ಹುಡುಕಬೇಡ" ಎಂದು ಹೇಳಿ ಗುರುಗಳು ಮುಂದುವರಿಸಿದರು.

ವಸತಿಗೃಹವನ್ನು ಒಬ್ಬ ಹೆಂಗಸು ನಡೆಸುತ್ತಿದ್ದಳು. ದಪ್ಪ ಕನ್ನಡಕ, ಗಟ್ಟಿ ದನಿ. ಪುಸ್ತಕ ತೆಗೆದು ಹೆಸರು ಕೇಳಿದಳು. ವ್ಯಾಪಾರಿ ತನ್ನ ಹೆಸರು ಹೇಳಿ, "ಜೊತೆಗೆ ನನ್ನ ಹೇಣ್ತಿ" ಎಂದ.

"ಹೇಣ್ತಿ ಅನ್ನೂದು ಹೆಸರಲ್ಲ" ಎಂದಳು ಒಡತಿ.

"ದುಂಡವ್ವ" ಎಂದಳು ಹೆಂಡತಿ, ಮೆಲ್ಲಗೆ.

ಮೊದಲ ದಿನ ಮಧ್ಯಾಹ್ನ ಅವರು ಎಲ್ಲಕ್ಕಿಂತ ಹತ್ತಿರದ ಖಾನಾವಳಿಗೆ ಹೋದರು. ಬಡಿಸುವವನು ಬಂದು ನಿಲ್ಲುವ ಮೊದಲೇ ವ್ಯಾಪಾರಿ ಹೇಳಿದ: "ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು. ಇಬ್ಬರಿಗೂ." ದುಂಡವ್ವ ಅರ್ಧ ರೊಟ್ಟಿ ತಿಂದಳು. ಹೇಗಿದೆ ಎಂದು ಕೇಳಿದರೆ "ಚಲೋ ಐತಿ" ಎಂದಳು. ಸಂಜೆ ಎರಡನೆಯ ಖಾನಾವಳಿ. ಅಲ್ಲಿಯೂ ಅವನೇ ಹೇಳಿದ. ಅಲ್ಲಿಯೂ ಅವಳು ಮೂರು ತುತ್ತು ತಿಂದು "ಚಲೋ ಐತಿ" ಎಂದಳು. ಹೀಗೆ ನಾಲ್ಕನೆಯ ದಿನದ ಮಧ್ಯಾಹ್ನಕ್ಕೆ ಏಳೂ ಮುಗಿದವು. ಎಲ್ಲವೂ ಚಲೋ ಇದ್ದವು. ಅವಳ ತಟ್ಟೆಯಲ್ಲಿ ಉಳಿದದ್ದನ್ನೆಲ್ಲ ಅವನೇ ತಿಂದಿದ್ದರಿಂದ ಅವನ ಅಂಗಿಯ ಗುಂಡಿ ಹಾಕಲಾಗುತ್ತಿರಲಿಲ್ಲ.

ಏಳನೆಯ ಖಾನಾವಳಿಯಲ್ಲಿ ಅವನು ಸಿಟ್ಟಾದ. "ಇಷ್ಟು ದೂರ ಯಾಕ ಬಂದೇವಿ ನಾವು? ತಿನ್ನಲಿಕ್ಕ ಏನ್ ಧಾಡಿ ನಿನಗ?"

ದುಂಡವ್ವ ತಲೆ ತಗ್ಗಿಸಿದಳು. "ಸಿಟ್ಟಾಗಬ್ಯಾಡ್ರಿ. ಹಸಿವಿಲ್ಲ, ಅಷ್ಟ" ಎಂದಳು.

ಅವಳು ಕೋಣೆಗೆ ಹೋಗಿ ಮಲಗಿದಳು. ವ್ಯಾಪಾರಿ ಕೆಳಗೆ ಒಡತಿಯ ಮೇಜಿನ ಮುಂದೆ ನಿಂತು, "ಏಳೂ ಆದುವು, ಅಮ್ಮ. ಎಂಟನೇದು ಎಲ್ಲೈತಿ ಹೇಳ್ರಿ. ಎಷ್ಟು ದೂರ ಇದ್ರೂ ಅಡ್ಡಿಯಿಲ್ಲ" ಎಂದ.

"ದುಂಡವ್ವಗ ಏನ್ ಸೇರತೈತಿ?" ಎಂದು ಒಡತಿ ಕೇಳಿದಳು.

"ಆಕಿಗೆ? ರೊಟ್ಟಿ, ಎಣ್ಣೆಗಾಯಿ."

"ಅದು ಆಕಿ ಮಾಡೂದು. ಆಕಿಗೆ ಸೇರೂದು ಕೇಳಿದ್ನಿ."

ವ್ಯಾಪಾರಿ ಮನೆಯ ಊಟವನ್ನು ನೆನಪಿಸಿಕೊಂಡ. ಮನೆಯಲ್ಲಿ ಮೊದಲು ಅವನು ಉಣ್ಣುತ್ತಿದ್ದ. ಆಮೇಲೆ ಅವಳು ಒಳಗೆ ಒಬ್ಬಳೇ ಉಣ್ಣುತ್ತಿದ್ದಳು. ಅವಳ ಕೈ ತಟ್ಟೆಯಲ್ಲಿ ಮೊದಲು ಯಾವುದರ ಕಡೆಗೆ ಹೋಗುತ್ತದೆ ಎಂಬುದನ್ನು ಅವನು ಒಂದು ದಿನವೂ ಕಂಡಿರಲಿಲ್ಲ.

ಅವನು ಮೆಟ್ಟಿಲು ಹತ್ತಿ ಹೋಗಿ ಮಂಚದ ತುದಿಯಲ್ಲಿ ಕೂತ. "ನಿನಗ ಏನ್ ಸೇರತೈತಿ?" ಎಂದು ಕೇಳಿದ.

ಅವಳಿಗೆ ನಗು ಬಂತು. "ಈಗ್ಯಾಕದು?"

"ಹೇಳು."

ಅವಳು ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. ನಗು ಹೋಯಿತು. "ಗೊತ್ತಿಲ್ರಿ. ನೆನಪಾಗವಲ್ದು" ಎಂದಳು.

ಜ್ವರ ಏರಿದಾಗ ಹೆದರಿದ್ದಕ್ಕಿಂತ ಹೆಚ್ಚು ಅವನು ಆಗ ಹೆದರಿದ.

ಮರುದಿನ ಮಧ್ಯಾಹ್ನ ಅವನು ಅವಳನ್ನು ಮೊದಲ ದಿನದ ಖಾನಾವಳಿಗೇ ಕರೆದುಕೊಂಡು ಹೋದ. ಬಡಿಸುವವನು ಬಂದ. ವಯಸ್ಸಾದ ಮನುಷ್ಯ, ಹೆಗಲ ಮೇಲೆ ಟವಲು. ವ್ಯಾಪಾರಿ ಮಾತಾಡಲಿಲ್ಲ. ದುಂಡವ್ವ ಗಂಡನ ಮುಖ ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ.

"ಏನ್ ಕೊಡಲಿ, ತಾಯಿ?"

"ಏನೇನು ಐತಿ?"

ಬಡಿಸುವವನು ಒಂದೇ ಉಸಿರಿನಲ್ಲಿ ಹನ್ನೆರಡು ಪದಾರ್ಥಗಳ ಹೆಸರು ಹೇಳಿದ.

"ಇನ್ನೊಮ್ಮೆ ಹೇಳ್ರಿ" ಎಂದಳು.

ಇನ್ನೊಮ್ಮೆ ಹೇಳಿದ. ಅವಳು ಮೂರನೆಯ ಸಲವೂ ಹೇಳಿಸಿದಳು. ಪಕ್ಕದ ಮೇಜಿನವರು ಉಣ್ಣುವುದನ್ನು ಬಿಟ್ಟು ಇತ್ತ ನೋಡತೊಡಗಿದರು. ವ್ಯಾಪಾರಿಯ ಹಣೆ ಬೆವರಿತು. ಆದರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಅವಳ ಮುಖದಲ್ಲಿ ಏನೋ ಬದಲಾಯಿತು.

"ಹಾಗಲಕಾಯಿ ಪಲ್ಯ" ಎಂದಳು. "ಜಾಸ್ತಿ ಹಾಕ್ರಿ."

"ಹಾಗಲಕಾಯಿಯಾ?" ಎಂದ ವ್ಯಾಪಾರಿ, ತಡೆಯಲಾರದೆ.

"ಹೂಂ. ಅವ್ವ ಮಾಡತಿದ್ಲು. ನಾವು ಅಕ್ಕತಂಗೇರು ಅದಕ್ಕ ಜಗಳಾಡತಿದ್ವಿ."

"ಮತ್ತ ಮನ್ಯಾಗ ಯಾಕ ಒಂದ್ ದಿನಾನೂ ಮಾಡಲಿಲ್ಲ?"

"ಮಾಡಿದ್ನಿ. ಮದುವಿಯಾದ ಮೊದಲನೇ ವಾರ. ನೀವು ತಾಟು ದೂಡಿ, ಈ ಕಹಿ ಮತ್ತ ಮನ್ಯಾಗ ಬರಬಾರದು ಅಂದ್ರಿ."

ಅವನಿಗೆ ಅದು ನೆನಪೇ ಇರಲಿಲ್ಲ.

ಪಲ್ಯ ಬಂತು. ದುಂಡವ್ವ ಒಂದು ರೊಟ್ಟಿ ತಿಂದಳು. ಎರಡನೆಯದನ್ನೂ ತಿಂದಳು. ಪಲ್ಯವನ್ನು ಮತ್ತೆ ಹಾಕಿಸಿಕೊಂಡಳು. ಅಡುಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಹ್ಯಾಂಗೈತಿ, ಅಕ್ಕಾ?" ಎಂದು ಕೇಳಿದ.

"ಬೆಲ್ಲ ಹೆಚ್ಚಾಗೈತಿ" ಎಂದಳು ದುಂಡವ್ವ. "ಬೆಲ್ಲ ಹಾಕಿ ಕಹಿ ಮುಚ್ಚಬಾರದು. ಕಹಿ ಕಹಿ ಇರಬೇಕು."

ಅಡುಗೆಯವನ ಮುಖ ಸಣ್ಣದಾಯಿತು. ವ್ಯಾಪಾರಿ ಮಾತ್ರ ಮೇಜು ಕುಟ್ಟಿ ನಕ್ಕ. ಜ್ವರ ಬಂದಂದಿನಿಂದ ಅವಳು ಊಟದಲ್ಲಿ ತಪ್ಪು ತೆಗೆದದ್ದು ಅದೇ ಮೊದಲು. ಸಂತೋಷ ತಾಳಲಾರದೆ ಅವನೂ ಒಂದು ಹೋಳು ಬಾಯಿಗೆ ಹಾಕಿಕೊಂಡ. ಆಮೇಲೆ ಉಗುಳಲೂ ಆಗದೆ ನುಂಗಲೂ ಆಗದೆ ಒದ್ದಾಡುತ್ತಿದ್ದ ಅವನ ಮುಖ ನೋಡಿ ದುಂಡವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಉಳಿದ ಮೂರು ದಿನ ಬೇಕಾದ್ದನ್ನು ಅವಳೇ ಹೇಳಿದಳು. ಒಂದು ಸಲ ಹೆಸರೇ ಕೇಳದ ಯಾವುದನ್ನೋ ತರಿಸಿ, ಸೇರದೆ, ಗಂಡನ ಕಡೆಗೆ ತಳ್ಳಿದಳು. ಅವನು ತಿಂದ. ಚಳಿಗಾಲ ಬಂತು, ಹೋಯಿತು. ಅವಳ ಬಳೆಗಳು ಮಣಿಕಟ್ಟಿನಲ್ಲೇ ನಿಂತವು. ಈಗ ಅವರ ಮನೆಯಲ್ಲಿ ತಿಂಗಳಿಗೆರಡು ಸಲ ಹಾಗಲಕಾಯಿ ಬೇಯುತ್ತದೆ. ಆ ದಿನ ವ್ಯಾಪಾರಿ ಆ ವಾಸನೆ ತಾಳಲಾರದೆ ತನ್ನ ತಟ್ಟೆ ಹಿಡಿದು ಕಿಟಕಿಯ ಹತ್ತಿರ ಕೂರುತ್ತಾನೆ. ಆದರೆ ಅವಳ ಜೊತೆಯಲ್ಲೇ ಉಣ್ಣುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ಅಡವೀಶನ ಮುಖ ಅರಳಿತು. "ತಿಳಿಯಿತು, ಗುರುಗಳೇ. ವಸತಿಗೃಹದ ಮಾತು ಆಮೇಲೆ. ಮೊದಲು ಹೇಳಿ, ತಮಗೆ ಏನು ತಿನ್ನಲು ಇಷ್ಟ?"

"ನನಗೆ ಇಷ್ಟವಾದದ್ದನ್ನು ನೀನು ಒಂಬತ್ತು ವರ್ಷದಿಂದ ಬಡಿಸುತ್ತಲೇ ಇದ್ದೀಯೆ, ಅಡವೀಶ. ಆದರೆ ನಿನಗೆ ಏನು ಇಷ್ಟವೆಂದು ನಾನು ಇವತ್ತಿನವರೆಗೂ ಕೇಳಿಲ್ಲ. ಹೇಳು."

ಅಡವೀಶ ಬೆರಳು ಮಡಿಚುತ್ತ, ಆಶ್ರಮಕ್ಕೆ ಬರುವ ಮೊದಲು ತಿಂದದ್ದನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದ.